ಜಾಮೆನ್‌ಹಾಫ್: ನಿರ್ಮಿತ ಭಾಷೆಯೊಂದರಲ್ಲಿ ಕ್ರಿಯಾತಿಪತ್ತಿಯ ನಿರೂಪಣೆ

ನಡೆಯಬಹುದಾಗಿದ್ದು ನಡೆಯದೆ ಹೋದ ಕ್ರಿಯೆಯನ್ನು ಸಂಸ್ಕೃತ ವೈಯಾಕರಣರು ಕ್ರಿಯಾತಿಪತ್ತಿ ಎಂದು ಕರೆದು, ಅದರ ನಿರೂಪಣೆಗೆ ಲೃಙ್ ಎಂಬ ಲಕಾರವನ್ನೇ ಮೀಸಲಿಟ್ಟರು. ಕನ್ನಡದಲ್ಲಿ ಇದಕ್ಕೆ ಮೀಸಲಾದ ಪ್ರತ್ಯಯವಿಲ್ಲ. ಹಳಗನ್ನಡದ ‘ಬಂದೊಡೆ’, ನಡುಗನ್ನಡದ ‘ಬಂದಡೆ’, ಹೊಸಗನ್ನಡದ ‘ಬಂದರೆ’, ಧಾರವಾಡದ ಆಡುಮಾತಿನ ‘ಬಂದ್ರ’ ಇವೆಲ್ಲ ಷರತ್ತನ್ನು ಹೇಳುತ್ತವೆಯೇ ಹೊರತು ಆ ಷರತ್ತು ಈಡೇರುವಂಥದೋ ಈಡೇರದೆ ಉಳಿದುಹೋದದ್ದೋ ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳುವ ಭಾರವನ್ನು ಕನ್ನಡವು ವಾಕ್ಯದ ಕೊನೆಯ ಕ್ರಿಯಾಪದದ ಮೇಲೆ ಹೊರಿಸಿದೆ. ಇಂಥ ವ್ಯವಸ್ಥೆಗಳು ಯಾವುದೇ ಒಬ್ಬ ವ್ಯಕ್ತಿಯ ತೀರ್ಮಾನದಿಂದ ಆದವಲ್ಲ. ನೂರಾರು ವರ್ಷಗಳ ಬಳಕೆಯಲ್ಲಿ ರೂಪುಗೊಂಡವು. ಆದರೆ ಒಬ್ಬ ವ್ಯಕ್ತಿ ಮೇಜಿನ ಮುಂದೆ ಕುಳಿತು ಹೊಸ ಭಾಷೆಯೊಂದನ್ನು ಕಟ್ಟಲು ತೊಡಗಿದಾಗ, ಆಗದ ಕ್ರಿಯೆಯನ್ನು ಹೇಳುವ ಬಗೆ ಯಾವುದೆಂದು ಅವನೇ ನಿರ್ಧರಿಸಬೇಕಾಗುತ್ತದೆ. ಎಸ್ಪೆರಾಂಟೊ ಭಾಷೆಯ ನಿರ್ಮಾತೃ ಲುಡ್ವಿಕ್ ಲಾಜರಸ್ ಜಾಮೆನ್‌ಹಾಫ್ ಅವರ ಮುಂದೆ ಈ ಪ್ರಶ್ನೆ ಇತ್ತು. ಆ ಭಾಷೆಯ ಹೆಸರು ನಮ್ಮ ಭಾಷಾವಿಜ್ಞಾನದ ಅಧ್ಯಾಪಕರಿಗೆ ಪರಿಚಿತವೇ ಆಗಿದ್ದರೂ ಅದನ್ನು ಕಟ್ಟಿದವರ ಜೀವನ ಅಷ್ಟಾಗಿ ಪರಿಚಿತವಲ್ಲ. ಈ ಒಂದು ನಿರ್ಧಾರವನ್ನು ಕೇಂದ್ರದಲ್ಲಿಟ್ಟುಕೊಂಡು ಅವರ ಜೀವನವನ್ನು ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜಾಮೆನ್‌ಹಾಫ್ ಅವರು 1859ರ ಡಿಸೆಂಬರ್ 15ರಂದು ಬಿಯಾಲಿಸ್ಟಾಕ್ ಪಟ್ಟಣದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಇಂದು ಪೋಲೆಂಡಿನಲ್ಲಿರುವ ಈ ಪಟ್ಟಣ ಆಗ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿತ್ತು. ತಂದೆ ಮಾರ್ಕುಸ್ ಭಾಷಾ ಶಿಕ್ಷಕರು, ತಾಯಿ ರೊಜಾಲಿಯಾ. ಊರಿನಲ್ಲಿ ಯಿದ್ದಿಷ್, ಪೋಲಿಷ್, ರಷ್ಯನ್, ಜರ್ಮನ್ ಎಂಬ ನಾಲ್ಕು ಭಾಷೆಗಳು ನಡೆಯುತ್ತಿದ್ದವು. ಅವುಗಳನ್ನಾಡುವ ನಾಲ್ಕು ಸಮುದಾಯಗಳು ಪರಸ್ಪರ ಸಂಶಯದಿಂದ ಬದುಕುತ್ತಿದ್ದವು. ಈ ಹಗೆತನಕ್ಕೆ ಭಾಷಾಭೇದವೇ ಕಾರಣವೆಂದು ಬಾಲಕ ಜಾಮೆನ್‌ಹಾಫ್ ತಿಳಿದರು. ಕನ್ನಡ, ಮರಾಠಿ, ಉರ್ದು ಮಾತುಗಳು ಒಂದೇ ವ್ಯಾಪಾರದಲ್ಲಿ ಬೆರೆಯುವ ಹುಬ್ಬಳ್ಳಿಯ ದುರ್ಗದಬೈಲನ್ನು ಬಲ್ಲವರಿಗೆ ಈ ತಿಳಿವಳಿಕೆ ತುಸು ಅವಸರದ್ದೆಂದು ತೋರಬಹುದು. ಹಲವು ಭಾಷೆಗಳಿರುವುದೇ ಜಗಳಕ್ಕೆ ಸಾಕಾದ ಕಾರಣವಲ್ಲ. ಆದರೆ 1906ರಲ್ಲಿ ಅದೇ ಬಿಯಾಲಿಸ್ಟಾಕಿನ ಬೀದಿಗಳಲ್ಲಿ ಯಹೂದಿಗಳ ಹತ್ಯಾಕಾಂಡ ನಡೆಯಿತೆಂಬುದನ್ನು ನೆನೆದರೆ, ಆ ಬಾಲಕನ ಭಯವನ್ನು ಹಗುರವಾಗಿ ಕಾಣಲಾಗದು.

1873ರಲ್ಲಿ ಕುಟುಂಬ ವಾರ್ಸಾಕ್ಕೆ ಬಂದಿತು. ಅಲ್ಲಿಯ ಶಾಲೆಯಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಕಲಿತ ಹುಡುಗನಿಗೆ ಮೊದಲು ಆ ಪ್ರಾಚೀನ ಭಾಷೆಗಳಲ್ಲೊಂದನ್ನೇ ಪುನರುಜ್ಜೀವನಗೊಳಿಸುವ ಆಸೆಯಿತ್ತು. ಮುಂದೆ ಇಂಗ್ಲಿಷಿನ ಪರಿಚಯವಾದಾಗ, ಕ್ರಿಯಾಪದವು ಪುರುಷ-ವಚನಗಳಿಗೆ ಅನುಗುಣವಾಗಿ ಅಷ್ಟೊಂದು ರೂಪ ತಾಳದೆಯೂ ಭಾಷೆ ನಡೆಯಬಲ್ಲದೆಂಬುದು ತಿಳಿಯಿತು. ಬೀದಿಯ ಅಂಗಡಿ ಫಲಕಗಳಲ್ಲಿ ಬೇರೆ ಬೇರೆ ಶಬ್ದಗಳ ಕೊನೆಗೆ ಒಂದೇ ಪ್ರತ್ಯಯ ಬರುವುದನ್ನು ಕಂಡಾಗ, ಕೆಲವೇ ಧಾತುಗಳಿಂದ ಪ್ರತ್ಯಯಗಳ ಮೂಲಕ ಇಡೀ ಶಬ್ದಕೋಶವನ್ನು ಬೆಳೆಸಬಹುದೆಂದು ಹೊಳೆಯಿತು. ಈ ಎರಡು ಅನುಭವಗಳನ್ನೂ ಅವರು ಮುಂದೆ ಬೊರೊವ್ಕೊ ಎಂಬ ಗೆಳೆಯರಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾರೆ. ಕೃದಂತ, ತದ್ಧಿತಗಳ ಶಿಸ್ತಿನಲ್ಲಿ ಬೆಳೆದ ನಮಗೆ ಈ ಎರಡನೆಯ ಹೊಳಹು ಹೊಸದಲ್ಲ. 1878ರ ಡಿಸೆಂಬರಿನಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಭಾಷೆಯ ಮೊದಲ ಕರಡನ್ನು ಸಹಪಾಠಿಗಳೊಡನೆ ಕೂಡಿ ಸಂಭ್ರಮಿಸಿದರು. ಮರುವರ್ಷ ವೈದ್ಯಶಿಕ್ಷಣಕ್ಕೆ ಮಾಸ್ಕೋಗೆ ಹೊರಟಾಗ ಕೈಬರಹದ ಕಟ್ಟು ತಂದೆಯ ವಶದಲ್ಲಿ ಉಳಿಯಿತು. ಮಗನ ವಿದ್ಯೆಗೆ ಇದು ಅಡ್ಡಿಯಾದೀತೆಂದು ತಂದೆ ಅದನ್ನು ಸುಟ್ಟುಹಾಕಿದರೆಂದು ಕುಟುಂಬದ ವೃತ್ತಾಂತ ಹೇಳುತ್ತದೆ. ಮರಳಿ ಬಂದ ಮಗ ನೆನಪಿನಿಂದಲೇ ಮತ್ತೆ ಬರೆದರು, ಬರೆಯುತ್ತ ತಿದ್ದಿದರು.

1881ರಲ್ಲಿ ಅವರು ವಾರ್ಸಾಕ್ಕೆ ಮರಳಿದ ಕಾಲಕ್ಕೆ ಯಹೂದಿಗಳ ಮೇಲಿನ ದಾಳಿಗಳು ಆ ನಗರವನ್ನೂ ಮುಟ್ಟಿದ್ದವು. ಕೆಲಕಾಲ ಅವರು ಯಹೂದಿ ರಾಷ್ಟ್ರೀಯ ಚಳವಳಿಯಲ್ಲಿ ತೊಡಗಿದ್ದರು. ತಮ್ಮವರ ಆಡುಮಾತಾದ ಯಿದ್ದಿಷಿಗೆ ವ್ಯಾಕರಣವನ್ನೂ ರಚಿಸಿದರು. ಇದು ಗಮನಿಸಬೇಕಾದ ಸಂಗತಿ: ನಿರ್ಮಿತ ಭಾಷೆಯ ಕರ್ತೃವು ಅದಕ್ಕೂ ಮೊದಲು ಜೀವಂತ ಭಾಷೆಯೊಂದರ, ಅದೂ ಪಂಡಿತರ ಉಪೇಕ್ಷೆಗೆ ಗುರಿಯಾಗಿದ್ದ ಭಾಷೆಯೊಂದರ, ವೈಯಾಕರಣರಾಗಿದ್ದರು. 1885ರಲ್ಲಿ ವೈದ್ಯಪದವಿ ದೊರೆಯಿತು. ಹಳ್ಳಿಯ ವೈದ್ಯವೃತ್ತಿಯಲ್ಲಿ ರೋಗಿಗಳ ಸಾವನ್ನು ಕಂಡು ಸಹಿಸಲಾರದೆ ನೇತ್ರಚಿಕಿತ್ಸೆಯತ್ತ ತಿರುಗಿದರು. ಕೌನಾಸಿನ ಸಾಬೂನು ತಯಾರಕರೊಬ್ಬರ ಮಗಳಾದ ಕ್ಲಾರಾ ಸಿಲ್ಬರ್ನಿಕ್ ಅವರೊಡನೆ 1887ರ ಆಗಸ್ಟಿನಲ್ಲಿ ವಿವಾಹವಾಯಿತು. ಅದಕ್ಕೆ ಕೆಲವೇ ದಿನಗಳ ಹಿಂದೆ, ಜುಲೈ ತಿಂಗಳಲ್ಲಿ, ಭಾವಿ ಮಾವನ ಹಣಸಹಾಯದಿಂದ ಅವರ ಮೊದಲ ಪುಸ್ತಕ ವಾರ್ಸಾದಲ್ಲಿ ರಷ್ಯನ್ ಭಾಷೆಯಲ್ಲಿ ಅಚ್ಚಾಗಿತ್ತು. 40 ಪುಟಗಳ ಈ ಹೊತ್ತಿಗೆಯಲ್ಲಿ 16 ನಿಯಮಗಳ ವ್ಯಾಕರಣ, 900ಕ್ಕೂ ಹೆಚ್ಚು ಧಾತುಗಳು, ಕೆಲವು ಅನುವಾದಗಳು ಮತ್ತು ಸ್ವತಂತ್ರ ಪದ್ಯಗಳಿದ್ದವು. ಕರ್ತೃವಿನ ಹೆಸರು ‘ಡಾಕ್ಟರ್ ಎಸ್ಪೆರಾಂಟೊ’ ಎಂದಿತ್ತು. ಹೊಸ ಭಾಷೆಯಲ್ಲಿ ಈ ಮಾತಿಗೆ ‘ಆಶಿಸುತ್ತಿರುವವನು’ ಎಂದರ್ಥ. ಮುಂದೆ ಈ ಕಾವ್ಯನಾಮವೇ ಭಾಷೆಯ ಹೆಸರಾಯಿತು.

ಹದಿನಾರು ನಿಯಮಗಳಲ್ಲಿ ಆರನೆಯದು ಕ್ರಿಯಾಪದಕ್ಕೆ ಸಂಬಂಧಿಸಿದ್ದು. ವರ್ತಮಾನಕ್ಕೆ ‘-ಆಸ್’, ಭೂತಕ್ಕೆ ‘-ಇಸ್’, ಭವಿಷ್ಯಕ್ಕೆ ‘-ಓಸ್’, ವಿಧಿ ಮತ್ತು ಹಾರೈಕೆಗಳಿಗೆ ‘-ಉ’, ಭಾವರೂಪಕ್ಕೆ ‘-ಇ’. ಇವುಗಳ ನಡುವೆ ಷರತ್ತಿನ ಅರ್ಥಕ್ಕೆ ‘-ಉಸ್’. ಕರ್ತೃ ಯಾರೇ ಆಗಲಿ, ಎಷ್ಟೇ ಜನರಾಗಲಿ, ರೂಪ ಬದಲಾಗದು. ‘ಬರು’ ಎಂಬರ್ಥದ ‘ವೇನ್’ ಧಾತುವನ್ನು ತೆಗೆದುಕೊಂಡರೆ ‘ಸೆ ಲಿ ವೇನೋಸ್, ಮಿ ಇರೋಸ್’ ಎಂಬುದು ‘ಅವನು ಬಂದರೆ ನಾನು ಹೋಗುತ್ತೇನೆ’ ಎಂಬ ತೆರೆದ ಷರತ್ತು. ‘ಸೆ ಲಿ ವೇನುಸ್, ಮಿ ಇರುಸ್’ ಎಂದರೆ ಆ ಬರವು ಕೇವಲ ಕಲ್ಪಿತವೆಂಬುದು ಮೊದಲ ಕ್ರಿಯಾಪದದಲ್ಲಿಯೇ ಗೊತ್ತಾಗುತ್ತದೆ. ಷರತ್ತಿನ ವಾಕ್ಯಕ್ಕೂ ಫಲದ ವಾಕ್ಯಕ್ಕೂ ಪ್ರತ್ಯಯ ಒಂದೇ ಎಂಬುದು ಇಲ್ಲಿಯ ವಿಶೇಷ. ಇದಕ್ಕೆ ಮುಂಚೆ ಪ್ರಚಾರದಲ್ಲಿದ್ದ, ಜರ್ಮನ್ ಪಾದ್ರಿ ಶ್ಲೈಯರ್ ಅವರ ವೊಲಾಪ್ಯೂಕ್ ಭಾಷೆಯಲ್ಲಿ ಈ ಎರಡು ವಾಕ್ಯಗಳಿಗೆ ಎರಡು ಬೇರೆ ಪ್ರತ್ಯಯಗಳಿದ್ದವು; ಅವುಗಳೊಡನೆ ಕಾಲಸೂಚಕಗಳೂ ಪುರುಷಸೂಚಕಗಳೂ ಸೇರಿ ಒಂದೊಂದು ಧಾತುವಿಗೂ ರೂಪಗಳ ದೊಡ್ಡ ಪಟ್ಟಿಯೇ ಬೆಳೆದಿತ್ತು.

‘-ಉಸ್’ ಕಾಲವನ್ನು ಹೇಳುವುದಿಲ್ಲ. ಲ್ಯಾಟಿನ್, ಜರ್ಮನ್, ಇಂಗ್ಲಿಷ್ ಭಾಷೆಗಳಲ್ಲಿ ಈಗಿನ ಅವಾಸ್ತವಕ್ಕೂ ಹಿಂದಿನ ಅವಾಸ್ತವಕ್ಕೂ ರೂಪಭೇದವಿದೆ. ರಷ್ಯನ್ನಿನಲ್ಲಿ ಇಲ್ಲ, ಅಲ್ಲಿ ‘ಬಿ’ ಎಂಬ ಅವ್ಯಯವು ಎರಡೂ ವಾಕ್ಯಗಳಲ್ಲಿ ಬಂದು, ಕಾಲವನ್ನು ಸಂದರ್ಭಕ್ಕೆ ಬಿಟ್ಟುಕೊಡುತ್ತದೆ. ಜಾಮೆನ್‌ಹಾಫ್ ಅವರು ಶಬ್ದಗಳನ್ನು ಹೆಚ್ಚಾಗಿ ಲ್ಯಾಟಿನ್ ಕುಲದಿಂದಲೂ ಜರ್ಮನ್ ಕುಲದಿಂದಲೂ ಆಯ್ದುಕೊಂಡರಾದರೂ, ಅವಾಸ್ತವವನ್ನು ಹೇಳುವ ರೀತಿಯಲ್ಲಿ ತಾವು ಬೆಳೆದ ರಷ್ಯನ್ ಮಾತಿನ ಜಾಡನ್ನೇ ಹಿಡಿದರೆಂದು ನನಗೆ ತೋರುತ್ತದೆ. ಕಾಲಭೇದ ಬೇಕೇ ಬೇಕೆನಿಸಿದಲ್ಲಿ ‘ಇರು’ ಎಂಬರ್ಥದ ಧಾತುವಿಗೆ ‘-ಉಸ್’ ಹಚ್ಚಿ, ಅದರೊಡನೆ ಭೂತಕೃದಂತವನ್ನು ಸೇರಿಸುವ ಅವಕಾಶ ಅವರ ವ್ಯಾಕರಣದಲ್ಲಿತ್ತು. ಆದರೆ ಅದು ಅನಿವಾರ್ಯವಲ್ಲ.

ಕನ್ನಡದೊಡನೆ ಹೋಲಿಸಿದಾಗ ಈ ವ್ಯವಸ್ಥೆಯ ಸ್ವರೂಪ ಇನ್ನಷ್ಟು ನಿಚ್ಚಳವಾಗುತ್ತದೆ. ‘-ರೆ’ ಸೇರುವುದು ಭೂತಕಾಲದ ಅಂಗಕ್ಕೆ. ‘ನಾಳೆ ಮಳೆ ಬಂದರೆ’ ಎನ್ನುವಾಗಲೂ ‘ಬಂದ’ ಎಂಬುದೇ ಆಧಾರ. ‘ಬಂದಿದ್ದರೆ’ ಎಂದ ಮಾತ್ರಕ್ಕೆ ಅವಾಸ್ತವವೆಂದು ತಿಳಿಯುವಂತಿಲ್ಲ. ‘ಅವನು ಊರಿಗೆ ಬಂದಿದ್ದರೆ ಕಂಡು ಬರುತ್ತೇನೆ’ ಎಂಬಲ್ಲಿ ಅವನು ಬಂದಿರಲೂಬಹುದು. ‘ಅವನು ಊರಿಗೆ ಬಂದಿದ್ದರೆ ಕಂಡು ಬರುತ್ತಿದ್ದೆ’ ಎಂದಾಗ ಮಾತ್ರ ಅವನು ಬಂದಿಲ್ಲವೆಂಬುದು ಖಚಿತ. ಅಂದರೆ ಕನ್ನಡದ ಕೇಳುಗ ಕೊನೆಯ ಪದದವರೆಗೆ ಕಾಯಬೇಕು. ಆ ಕೊನೆಯ ಪದವಾದರೂ ‘ದಿನಾಲೂ ಹೋಗುತ್ತಿದ್ದೆ’ ಎಂಬಲ್ಲಿ ಬರುವ ರೂಢಿಯ ಭೂತಕಾಲದ ರೂಪವೇ. ‘ಇದ್ದಿದ್ದರೆ’ ಎಂದು ಸಹಾಯಕ ಧಾತುವನ್ನು ಇಮ್ಮಡಿಸಿದಾಗ ಮಾತ್ರ ಅವಾಸ್ತವದ ಸುಳಿವು ಮೊದಲೇ ಸಿಗುತ್ತದೆ. ಧಾರವಾಡದ ರೈತ ‘ಮಳಿ ಆಗಿದ್ರ ಬೆಳಿ ಬರ್ತಿತ್ತು’ ಎಂದಾಗ, ಹೋದ ವರ್ಷದ ಮಾತೋ ಈ ವರ್ಷದ್ದೋ ಎಂಬುದನ್ನು ವಾಕ್ಯ ಹೇಳುವುದಿಲ್ಲ. ಈ ಕಾಲನಿರಪೇಕ್ಷತೆಯಲ್ಲಿ ಕನ್ನಡವೂ ಎಸ್ಪೆರಾಂಟೊ ಭಾಷೆಯೂ ಒಂದೇ ಬದಿಗಿವೆ. ಆದರೆ ಎರಡೂ ವಾಕ್ಯಗಳಿಗೆ ಒಂದೇ ಗುರುತು ಹಚ್ಚುವ ಪದ್ಧತಿಗೆ ನಮ್ಮ ಸಮೀಪದ ನಿದರ್ಶನ ಮರಾಠಿ. ‘ತೋ ಆಲಾ ಅಸತಾ ತರ್ ಮೀ ಗೇಲೋ ಅಸತೋ’ ಎಂಬಲ್ಲಿ ‘ಅಸತಾ’, ‘ಅಸತೋ’ಗಳು ಮಾಡುವ ಕೆಲಸವೇ ‘-ಉಸ್’ ಮಾಡುವ ಕೆಲಸ.

ಇನ್ನೊಂದು ಸಾಮ್ಯವೂ ಉಂಟು. ಎಸ್ಪೆರಾಂಟೊದಲ್ಲಿ ವಿನಯದಿಂದ ಏನನ್ನಾದರೂ ಕೇಳುವಾಗ ‘ಬಯಸು’ ಎಂಬರ್ಥದ ಧಾತುವಿಗೆ ‘-ಉಸ್’ ಹಚ್ಚಿ ‘ಮಿ ವೋಲುಸ್’ ಎನ್ನುತ್ತಾರೆ. ನಮ್ಮ ಕಿರಾಣಿ ಅಂಗಡಿಯಲ್ಲಿ ಎದುರಿಗೆ ನಿಂತು, ಈಗ ಬೇಕಾದುದನ್ನೇ ‘ಸ್ವಲ್ಪ ಸಕ್ಕರಿ ಬೇಕಾಗಿತ್ತು’ ಎಂದು ಭೂತಕಾಲದಲ್ಲಿ ಕೇಳುವ ರೂಢಿ ಇದಕ್ಕೆ ಸಂವಾದಿ. ಬೇಡಿಕೆಯನ್ನು ವಾಸ್ತವದಿಂದ ಒಂದು ಹೆಜ್ಜೆ ದೂರವಿಟ್ಟರೆ ಅದು ಮೃದುವಾಗುತ್ತದೆಂಬ ತಿಳಿವಳಿಕೆ ಎರಡೂ ಕಡೆ ಕೆಲಸಮಾಡಿದೆ.

ಆದರೆ ಒಂದು ಎಡೆಯಲ್ಲಿ ಕನ್ನಡ ಮಾಡುವ ಭೇದವನ್ನು ಜಾಮೆನ್‌ಹಾಫ್ ಮಾಡಲಿಲ್ಲ. ‘ಅವನು ಬಂದದ್ದೇ ಆದರೆ ನಾನು ಹೋದೇನು’ ಎಂಬುದು ನಮ್ಮ ವ್ಯಾಕರಣದ ಸಂಭಾವನಾರ್ಥ. ಅಲ್ಲಿ ಬಾಗಿಲು ಮುಚ್ಚಿಲ್ಲ. ‘ಅವನು ಬಂದಿದ್ದರೆ ನಾನು ಹೋಗುತ್ತಿದ್ದೆ’ ಎಂಬಲ್ಲಿ ಮುಚ್ಚಿದೆ. ‘ಸೆ ಲಿ ವೇನುಸ್, ಮಿ ಇರುಸ್’ ಎಂಬ ಒಂದೇ ವಾಕ್ಯ ಈ ಎರಡಕ್ಕೂ ಸಲ್ಲುತ್ತದೆ. ದೂರದ ಸಾಧ್ಯತೆಗೂ ತಪ್ಪಿಹೋದ ಕ್ರಿಯೆಗೂ ಅಲ್ಲಿ ರೂಪ ಒಂದೇ. ಇದನ್ನು ವ್ಯಾಕರಣದ ಕೊರತೆ ಎನ್ನಬಹುದು. ಅವರ ಜೀವನದ ಮುಂದಿನ ಘಟನೆಗಳನ್ನು ನೋಡಿದಾಗ ಮಾತ್ರ ಕೊರತೆ ಎಂದು ಹೇಳಿ ಮುಗಿಸಲು ಮನಸ್ಸಾಗುವುದಿಲ್ಲ.

1887ರ ಆ ಪುಸ್ತಕದಲ್ಲಿ ಹರಿದು ಕಳಿಸಬಹುದಾದ ಪ್ರತಿಜ್ಞಾಪತ್ರಗಳಿದ್ದವು. ಒಂದು ಕೋಟಿ ಜನ ಇದೇ ಮಾತನ್ನು ಬಹಿರಂಗವಾಗಿ ಕೊಟ್ಟಿದ್ದಾರೆಂದು ಸಿದ್ಧವಾದರೆ ತಾನು ಈ ಭಾಷೆಯನ್ನು ಕಲಿಯುವೆನೆಂಬುದು ಅದರ ತಾತ್ಪರ್ಯ. ಯಾರೂ ಕಲಿಯದ ಭಾಷೆಯನ್ನು ತಾನೊಬ್ಬನೇ ಕಲಿತು ಪ್ರಯೋಜನವೇನೆಂಬ ಓದುಗನ ಸಹಜ ಸಂಶಯಕ್ಕೆ ಇದು ಉತ್ತರವಾಗಿತ್ತು. ಒಬ್ಬನ ಕಲಿಕೆಗೆ ಉಳಿದವರೆಲ್ಲರ ಮಾತು ಷರತ್ತು. ಉಳಿದ ಒಬ್ಬೊಬ್ಬನಿಗೂ ಹಾಗೆಯೇ. ಎಲ್ಲರೂ ಒಟ್ಟಿಗೆ ‘ಆದರೆ’ ಎಂದರೆ ಎಲ್ಲರ ‘ಆದರೆ’ಯೂ ಕರಗುತ್ತದೆಂಬ ಲೆಕ್ಕ. ಕೋಟಿಯ ಸಂಖ್ಯೆ ತುಂಬಿದಾಗ ಎಲ್ಲ ಹೆಸರುಗಳನ್ನೂ ಅಚ್ಚುಮಾಡುವುದಾಗಿ ಕರ್ತೃ ತಿಳಿಸಿದ್ದರು. ವ್ಯಾಕರಣದ ದೃಷ್ಟಿಯಿಂದ ಮುಖ್ಯವಾದುದೆಂದರೆ, ಈ ಪ್ರತಿಜ್ಞೆಯ ಷರತ್ತಿನಲ್ಲಿ ಅವರು ಬಳಸಿದ್ದು ‘-ಉಸ್’ ಅಲ್ಲ, ಭವಿಷ್ಯದ ‘-ಓಸ್’. ಕೋಟಿ ಜನರ ಮಾತನ್ನು ಅವರು ಕಲ್ಪನೆಯ ಸಾಲಿನಲ್ಲಿ ಸೇರಿಸಲಿಲ್ಲ. ನಾಳೆ ಮಳೆ ಬಂದರೆ ಎಂಬಷ್ಟೇ ಸಹಜವಾದ ತೆರೆದ ಷರತ್ತಾಗಿ ಇಟ್ಟರು.

ಕೋಟಿ ಬರಲಿಲ್ಲ. 1889ರಲ್ಲಿ ಅವರು ಪ್ರಕಟಿಸಿದ ಮೊದಲ ವಿಳಾಸಪಟ್ಟಿಯಲ್ಲಿದ್ದುದು ಒಂದು ಸಾವಿರ ಹೆಸರು. ಆ ಸಾವಿರ ಜನರಲ್ಲಿ ಬಹುಪಾಲು ಮಂದಿ ಷರತ್ತು ಈಡೇರಲೆಂದು ಕಾಯದೆ ಭಾಷೆಯನ್ನು ಕಲಿತುಬಿಟ್ಟಿದ್ದರು. ಹಾಗಾಗಿ ಪ್ರತಿಜ್ಞೆಯು ಈಡೇರಲೂ ಇಲ್ಲ, ಮುರಿಯಲೂ ಇಲ್ಲ, ಅದು ಅನವಶ್ಯಕವಾಯಿತು. ಇದೇ ಅವಧಿಯಲ್ಲಿ ಅಮೆರಿಕದ ಫಿಲಸಾಫಿಕಲ್ ಸೊಸೈಟಿಯು ವೊಲಾಪ್ಯೂಕ್ ಭಾಷೆಯನ್ನು ಪರಿಶೀಲಿಸಿ ತಳ್ಳಿಹಾಕಿ, ಅಂತರರಾಷ್ಟ್ರೀಯ ಭಾಷೆಯ ವಿಚಾರಕ್ಕೆ ವಿದ್ವಾಂಸರ ಸಮ್ಮೇಳನವೊಂದನ್ನು ಕರೆಯಲು ಮುಂದಾಗಿತ್ತು. ಜಾಮೆನ್‌ಹಾಫ್ ತಮ್ಮ ಭಾಷೆಯ ಭವಿಷ್ಯವನ್ನು ಅದರ ಕೈಗೆ ಒಪ್ಪಿಸಲು ಸಿದ್ಧರಿದ್ದರು. ಆ ಸಮ್ಮೇಳನ ನಡೆಯಲೇ ಇಲ್ಲ. ಶ್ಲೈಯರ್ ತಮ್ಮ ಭಾಷೆಯ ಮೇಲೆ ಒಡೆತನ ಸಾಧಿಸಲು ಹೋಗಿ ಅನುಯಾಯಿಗಳನ್ನು ಕಳೆದುಕೊಂಡರು. ಇವರಾದರೋ ಮೊದಲ ಪುಸ್ತಕದಲ್ಲಿಯೇ ಒಡೆತನವನ್ನು ಬಿಟ್ಟುಕೊಟ್ಟಿದ್ದರು.

1894ನೆಯ ವರ್ಷ ನಮ್ಮ ದೃಷ್ಟಿಯಿಂದಲೂ ಸ್ಮರಣೀಯ. ಧಾರವಾಡ, ಹುಬ್ಬಳ್ಳಿಗಳ ನೆಲದಲ್ಲಿ ದುಡಿದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದದ್ದು ಆ ವರ್ಷ. ಜಾಮೆನ್‌ಹಾಫ್ ಅವರ ‘ಊನಿವೆರ್ಸಾಲ ವೋರ್ತಾರೊ’ ಎಂಬ ಕೋಶ ಹೊರಬಂದದ್ದೂ ಅದೇ ವರ್ಷ. ಒಂದರಲ್ಲಿ ಸುಮಾರು 70,000 ಶಬ್ದಗಳು, ಇನ್ನೊಂದರಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಧಾತುಗಳು. ಕಿಟೆಲ್ ಜನರ ಬಾಯಲ್ಲಿಯೂ ಓಲೆಯಲ್ಲಿಯೂ ಇದ್ದುದನ್ನು ಕಲೆಹಾಕಿದರು. ಜಾಮೆನ್‌ಹಾಫ್ ಕೊಟ್ಟ ಧಾತುಗಳಲ್ಲಿ ಅನೇಕವನ್ನು ಆ ಭಾಷೆಯಲ್ಲಿ ಇನ್ನೂ ಯಾರೂ ಆಡಿರಲಿಲ್ಲ. ಇದಕ್ಕೆ ನಾಲ್ಕು ವರ್ಷ ಮೊದಲು, 1890ರಲ್ಲಿ, ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿಕೊಂಡಾಗ ಕನ್ನಡಕ್ಕೆ ಜನರಿದ್ದರು, ಸ್ಥಾನವಿರಲಿಲ್ಲ. ಎಸ್ಪೆರಾಂಟೊಗೆ ಜನರೇ ಇನ್ನೂ ಆಗಬೇಕಿತ್ತು.

ಅದೇ 1894ರಲ್ಲಿ ಸುಧಾರಣೆಯ ಒತ್ತಾಯಕ್ಕೆ ಮಣಿದು ಅವರು ತಾವೇ ಬದಲಾವಣೆಗಳ ಕರಡೊಂದನ್ನು ತಮ್ಮ ಪತ್ರಿಕೆಯ ಓದುಗರ ಮತಕ್ಕೆ ಹಾಕಿದರು. ಬಹುಮತ ಬದಲಾವಣೆ ಬೇಡವೆಂದಿತು. ಕರ್ತೃವಿನ ಮಾತನ್ನು ಭಾಷಿಕರು ತಳ್ಳಿದ ಈ ಪ್ರಸಂಗವನ್ನು, ಆ ಭಾಷೆ ನಿರ್ಮಿತಿಯ ಹಂತವನ್ನು ದಾಟಿದ ಗಳಿಗೆ ಎಂದು ಪರಿಗಣಿಸಬೇಕೆಂಬುದು ನನ್ನ ಅಭಿಪ್ರಾಯ. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದ ಅವರ ಅನುವಾದವೂ ಅದೇ ವರ್ಷ ಬಂದಿತು. ಮಾಡಬಹುದಾದುದನ್ನು ಮಾಡದೆ ಆಲೋಚಿಸುತ್ತಲೇ ಇರುವ ನಾಯಕನ ಮಾತನ್ನು ಏಳೇ ವರ್ಷದ ಭಾಷೆಗೆ ತರುವಾಗ, ‘-ಉಸ್’ ಪ್ರತ್ಯಯದ ತಾಳಿಕೆಯ ಪರೀಕ್ಷೆ ತಾನಾಗಿಯೇ ನಡೆಯಿತು.

ಬದುಕು ಮಾತ್ರ ಸುಗಮವಾಗಿರಲಿಲ್ಲ. ಮಾವನ ಹಣ ಪ್ರಕಟಣೆಗಳಲ್ಲಿ ಕರಗಿತು. ಗ್ರೊಡ್ನೊದಲ್ಲಿ ಕೆಲವು ವರ್ಷ ವೃತ್ತಿ ನಡೆಸಿ 1898ರಲ್ಲಿ ವಾರ್ಸಾಕ್ಕೆ ಮರಳಿದರು. ಬಡ ಯಹೂದಿಗಳ ಜಿಕಾ ಬೀದಿಯಲ್ಲಿ ಹಗಲು ಕಣ್ಣಿನ ಚಿಕಿತ್ಸೆ, ರಾತ್ರಿ ಪತ್ರವ್ಯವಹಾರ ಮತ್ತು ಅನುವಾದ. 1905ರ ಆಗಸ್ಟಿನಲ್ಲಿ ಫ್ರಾನ್ಸಿನ ಬುಲೋನ್ ಪಟ್ಟಣದಲ್ಲಿ ನಡೆದ ಮೊದಲ ಜಾಗತಿಕ ಸಮ್ಮೇಳನಕ್ಕೆ 688 ಜನ ಬಂದರು. ಕಾಗದದ ಮೇಲೆ ಪರಸ್ಪರ ಬಲ್ಲವರು ಮೊದಲ ಬಾರಿಗೆ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬಾಯಿಬಿಟ್ಟು ಮಾತನಾಡಿದರು. ಅದೇ ವರ್ಷ ವ್ಯಾಕರಣ, ಅಭ್ಯಾಸಪಾಠ, ಕೋಶಗಳು ಕೂಡಿದ ‘ಫುಂದಮೆಂತೊ’ ಭಾಷೆಯ ಅಚಲ ಆಧಾರವಾಗಿ ಅಂಗೀಕಾರವಾಯಿತು. 1907ರಲ್ಲಿ ಇದೋ ಎಂಬ ಸುಧಾರಿತ ಭಾಷೆ ಸಿಡಿದು ಹೊರಬಂದು ಚಳವಳಿಯನ್ನು ಒಡೆಯಿತು. ಅದರ ಕಥೆ ಇಲ್ಲಿ ಅಪ್ರಸ್ತುತ. ಬಹಳಷ್ಟನ್ನು ಬದಲಿಸಿದ ಆ ಸುಧಾರಕರೂ ‘-ಉಸ್’ ಪ್ರತ್ಯಯವನ್ನು ಹಾಗೆಯೇ ಉಳಿಸಿಕೊಂಡರೆಂಬುದಷ್ಟೇ ನಮಗೆ ಬೇಕಾದ ಸಂಗತಿ.

ಹತ್ತನೆಯ ಸಮ್ಮೇಳನ 1914ರ ಆಗಸ್ಟ್ 2ರಂದು ಪ್ಯಾರಿಸ್ಸಿನಲ್ಲಿ ಆರಂಭವಾಗಬೇಕಿತ್ತು. 3,700ಕ್ಕೂ ಹೆಚ್ಚು ಜನ ಹೆಸರು ನೋಂದಾಯಿಸಿದ್ದರು. ಜಾಮೆನ್‌ಹಾಫ್ ದಂಪತಿಗಳು ಜರ್ಮನಿಯ ಕೊಲೋನ್ ತಲುಪುವಷ್ಟರಲ್ಲಿ ಯುದ್ಧ ಘೋಷಣೆಯಾಯಿತು. ಮುಂದೆ ಹೋಗುವಂತಿರಲಿಲ್ಲ, ಬಂದ ದಾರಿಯಲ್ಲಿ ಹಿಂದಿರುಗುವಂತೆಯೂ ಇರಲಿಲ್ಲ. ಸ್ಕ್ಯಾಂಡಿನೇವಿಯವನ್ನು ಸುತ್ತುಬಳಸಿ ವಾರ್ಸಾ ಸೇರಿದರು. ಹೃದಯರೋಗ ಮೊದಲೇ ಇತ್ತು. 1915ರಲ್ಲಿ ಹಳೆಯ ಒಡಂಬಡಿಕೆಯ ಅನುವಾದವನ್ನು ಮುಗಿಸಿದರು. ಅದು ಅಚ್ಚಾದುದು 1926ರಲ್ಲಿ. ಜರ್ಮನ್ ಸೇನೆಯ ವಶದಲ್ಲಿದ್ದ ವಾರ್ಸಾದಲ್ಲಿ 1917ರ ಏಪ್ರಿಲ್ 14ರಂದು ತೀರಿಕೊಂಡಾಗ ಅವರಿಗೆ 57 ವರ್ಷ. ಮಗ ಆಡಂ ಅವರನ್ನು 1940ರಲ್ಲಿ ನಾತ್ಸಿಗಳು ಗುಂಡಿಕ್ಕಿ ಕೊಂದರು. ಹೆಣ್ಣುಮಕ್ಕಳಾದ ಸೋಫಿಯಾ ಮತ್ತು ಲಿಡಿಯಾ 1942ರಲ್ಲಿ ಟ್ರೆಬ್ಲಿಂಕಾದ ಹತ್ಯಾಶಿಬಿರದಲ್ಲಿ ಅಳಿದರು. ಯುದ್ಧ ನಡೆಯದಿದ್ದರೆ ಎಂಬ ಮಾತು ಎಸ್ಪೆರಾಂಟೊ ಬರಹಗಳಲ್ಲಿ ಎಲ್ಲಿ ಬಂದರೂ ಅದಕ್ಕೆ ‘-ಉಸ್’ ಅಲ್ಲದೆ ಬೇರೆ ಪ್ರತ್ಯಯವಿಲ್ಲ.

ಭಾಷೆ ಬಳಕೆಯಲ್ಲಿ ಉಳಿದುದರಿಂದ ಅದರ ವ್ಯಾಕರಣವೂ ನಿಂತಲ್ಲಿ ನಿಲ್ಲಲಿಲ್ಲ. ಕಲೊಚೈ ಮತ್ತು ವಾರಂಗ್ಯೆನ್ ಎಂಬ ಇಬ್ಬರು ವಿದ್ವಾಂಸರು 1935ರಲ್ಲಿ ಪ್ರಕಟಿಸಿದ ಬೃಹದ್ವ್ಯಾಕರಣವು ಬಳಕೆಯ ಸೂಕ್ಷ್ಮಗಳನ್ನು ವಿಸ್ತಾರವಾಗಿ ವಿವೇಚಿಸಿತು. ಭೂತಕೃದಂತದ ‘-ಇಂತ್’ ಮತ್ತು ‘-ಉಸ್’ಗಳನ್ನು ಕೂಡಿಸಿ ‘ವೇನಿಂತುಸ್’ ಎಂಬ ಒಂದೇ ಪದವಾಗಿ ಹೇಳುವ ರೂಢಿಯೂ ಬೆಳೆಯಿತು. ನಮ್ಮ ‘ಬಂದಿದ್ದಿದ್ದರೆ’ಗೆ ಸಮೀಪವಾದ ಈ ರೂಪ ಹದಿನಾರು ನಿಯಮಗಳಲ್ಲಿ ಎಲ್ಲಿಯೂ ಹೆಸರಿಸಿದ್ದಲ್ಲ, ಇದ್ದ ಸಾಮಗ್ರಿಯಿಂದ ಮಾತುಗಾರರೇ ಕಟ್ಟಿಕೊಂಡದ್ದು. ತಪ್ಪಿಹೋದ ಕ್ರಿಯೆಯನ್ನು ದೂರದ ಸಾಧ್ಯತೆಯಿಂದ ಬೇರ್ಪಡಿಸಬೇಕೆಂಬ ಅಗತ್ಯ ಅವರಿಗೆ ಕಂಡಿತು. ಆದರೂ ಬರಿಯ ‘-ಉಸ್’ ಎರಡೂ ಅರ್ಥಗಳಲ್ಲಿ ಇಂದಿಗೂ ನಡೆದಿದೆ.

1887ರ ಪ್ರತಿಜ್ಞೆಯನ್ನು ಕನ್ನಡಕ್ಕೆ ತರುವವರಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ‘ಒಂದು ಕೋಟಿ ಜನ ಮಾತು ಕೊಟ್ಟರೆ’ ಎಂಬಲ್ಲಿಗೆ ಮೊದಲರ್ಧ ಮುಗಿಯುತ್ತದೆ. ಮೂಲದ ‘-ಓಸ್’ ಪ್ರತ್ಯಯಕ್ಕೆ ನಿಷ್ಠರಾದರೆ ‘ಕಲಿಯುತ್ತೇನೆ’ ಎನ್ನಬೇಕು. ಕೋಟಿ ಬರಲಿಲ್ಲವೆಂದು ಬಲ್ಲ ಇಂದಿನ ಅನುವಾದಕನ ಕೈ ‘ಕಲಿಯುತ್ತಿದ್ದೆ’ ಎಂಬುದರತ್ತ ಹೋಗುತ್ತದೆ. ‘ಕಲಿತೇನು’ ಎಂಬ ಸಂಭಾವನಾರೂಪವೂ ಪೂರ್ತಿ ಒಗ್ಗದು. ಮಾತು ಕೊಡುವವನ ದೃಢತೆ ಅದರಲ್ಲಿಲ್ಲ. ಕರ್ತೃ ಬರೆದ ಗಳಿಗೆಯ ಅರ್ಥಕ್ಕೆ ‘ಕಲಿಯುತ್ತೇನೆ’ ಎಂಬುದೇ ಸರಿಯಾದ ಪಾಠ.